ಸುಸ್ತು ಎಂದು ಆಕೆ ಹೇಳಿದಾಗ

2025ರ ಮೇ ಕೊನೆಯಿಂದ ಜುಲೈ ಆರಂಭದ ವರೆಗೆ ಹಾಸನ ಜಿಲ್ಲೆಯು ರಾಜ್ಯದ ಚರ್ಚೆಯ ಕೇಂದ್ರದಲ್ಲಿತ್ತು. ಸುಮಾರು 40 ದಿನಗಳ ಅವಧಿಯಲ್ಲಿ 20ಕ್ಕಿಂತಲೂ ಅಧಿಕ ಮಂದಿ ಹೃದಯಾಘಾತದಿಂದ ಮೃತಪಟ್ಟರೆಂಬ ವರದಿಗಳು ಜನರನ್ನು ಬೆಚ್ಚಿಬೀಳಿಸಿದ್ದುವು. ಬೆಂಗಳೂರು ಮತ್ತು ಮೈಸೂರಿನ ಜಯದೇವ ಹೃದ್ರೋಗ ಆಸ್ಪತ್ರೆಗಳ ಮುಂದೆ ಜನರು ನಸುಕಿನಲ್ಲೇ ಸಾಲುಗಟ್ಟಿದರು. ಕೊರೋನಾ ಲಸಿಕೆಯೇ ಇದಕ್ಕೆ ಕಾರಣವೇ ಎಂಬ ಪ್ರಶ್ನೆಯ ಸುತ್ತ ರಾಜಕೀಯ ನಾಯಕರು ಪರಸ್ಪರ ವಾಗ್ಯುದ್ಧ ನಡೆಸಿದರು. ಕೊನೆಗೆ ಜಯದೇವ ಸಂಸ್ಥೆಯ ನಿರ್ದೇಶಕ ಡಾ. ಕೆ.ಎಸ್. ರವೀಂದ್ರನಾಥ್‌ರ ನೇತೃತ್ವದಲ್ಲಿ ತಜ್ಞರ ಸಮಿತಿಯೊಂದನ್ನು ಸರಕಾರ ರಚಿಸಿತು. ಆ ಸಮಿತಿ 24 ಸಾವುಗಳನ್ನು ಪರಿಶೀಲಿಸಿ, ಅವುಗಳಲ್ಲಿ 20 ಸಾವುಗಳು ಹೃದಯ ಸಂಬಂಧಿಯೆಂದೂ, ಹಿಂದಿಗಿಂತ ಸಾವುಗಳು ಅಸಹಜವಾಗಿ ಹೆಚ್ಚಿಲ್ಲವೆಂದೂ, ಮಧುಮೇಹ, ರಕ್ತದೊತ್ತಡ, ಧೂಮಪಾನದಂತಹ ಹಳೆಯ ಕಾರಣಗಳೇ ಇಲ್ಲಿಯೂ ಪ್ರಮುಖವೆಂದೂ ತಿಳಿಸಿತು. ಚರ್ಚೆ ತಣ್ಣಗಾಯಿತು. ಆಸ್ಪತ್ರೆಗಳ ಮುಂದಿನ ಸಾಲೂ ಕರಗಿತು.

ಆದರೆ ಆ ಇಡೀ ಚರ್ಚೆಯಲ್ಲಿ ಗಮನಿಸಬೇಕಾದ ಒಂದು ಸಂಗತಿಯಿತ್ತು. ಟಿ.ವಿ. ಪರದೆಯಲ್ಲಿ, ಪತ್ರಿಕೆಗಳ ಮುಖಪುಟದಲ್ಲಿ, ಚಹಾದಂಗಡಿಯ ಮಾತುಕತೆಯಲ್ಲಿ ಎಲ್ಲೆಡೆಯೂ ತುಂಬಿಕೊಂಡಿದ್ದುದು ಯುವಕರು. ದುಡಿಯುವ ಗಂಡಸು, ವ್ಯಾಯಾಮ ಮಾಡುವ ತರುಣ, ವಾಹನ ಚಲಾಯಿಸುವ ಚಾಲಕ. ಹೃದಯಾಘಾತವೆಂದೊಡನೆ ನಮ್ಮ ಕಣ್ಣ ಮುಂದೆ ಬರುವ ಚಿತ್ರವೂ ಅದುವೇ. ಎದೆಯನ್ನು ಬಿಗಿಯಾಗಿ ಹಿಡಿದುಕೊಂಡು, ಬೆವರುತ್ತಾ ಕುಸಿದು ಬೀಳುವ ಓರ್ವ ಪುರುಷ. ಸಿನಿಮಾಗಳು ನಮಗೆ ಕಲಿಸಿದ ಚಿತ್ರ ಇದು. ಇದು ಸುಳ್ಳಲ್ಲ. ಆದರೆ ಪೂರ್ಣ ಸತ್ಯವೂ ಅಲ್ಲ. ಯಾಕೆಂದರೆ ಇದರಲ್ಲಿ ಹೆಣ್ಣಿಲ್ಲ. ನಮ್ಮ ತಾಯಿ, ಪತ್ನಿ, ಸಹೋದರಿ, ಅತ್ತೆ ಇವರಾರೂ ಇಲ್ಲ.

ಹಾಗಾದರೆ ಅವರಿಗೆ ಈ ಕಾಯಿಲೆ ಬರುವುದಿಲ್ಲವೇ? ಮಹಿಳೆಯರ ಹೃದ್ರೋಗದ ಬಗ್ಗೆ ಅಧ್ಯಯನ ನಡೆಸಲು ಲ್ಯಾನ್ಸೆಟ್ ವೈದ್ಯಕೀಯ ಪತ್ರಿಕೆ ನೇಮಿಸಿದ ಆಯೋಗವು 2021ರಲ್ಲಿ ತನ್ನ ವರದಿಯನ್ನು ಪ್ರಕಟಿಸಿತು. 2019ರಲ್ಲಿ ಜಗತ್ತಿನಲ್ಲಿ ಮೃತಪಟ್ಟ ಮಹಿಳೆಯರ ಪೈಕಿ ಶೇ. 35ರಷ್ಟು ಮಂದಿಯ ಸಾವಿಗೆ ಹೃದಯ ಮತ್ತು ರಕ್ತನಾಳದ ಕಾಯಿಲೆಗಳೇ ಕಾರಣವೆಂದು ಅದು ಹೇಳಿತು. ಸಂಖ್ಯೆಯಲ್ಲಿ ಹೇಳುವುದಾದರೆ ಸುಮಾರು 89 ಲಕ್ಷ ಮಹಿಳೆಯರು. ಹೆಣ್ಣಿನ ಮಾರಕ ಕಾಯಿಲೆಯೆಂದರೆ ನಾವು ಥಟ್ಟನೆ ನೆನಪಿಸಿಕೊಳ್ಳುವುದು ಸ್ತನ ಕ್ಯಾನ್ಸರನ್ನು. 2020ರಲ್ಲಿ ಅದರಿಂದ ಮೃತಪಟ್ಟವರು ಸುಮಾರು 6.85 ಲಕ್ಷ. ಸ್ತನ ಕ್ಯಾನ್ಸರಿನ ಬಗ್ಗೆ ಜಾಗೃತಿ ಬೇಡವೆಂದಲ್ಲ, ಅದು ಇನ್ನೂ ಹೆಚ್ಚಬೇಕು. ಆದರೆ ಅದಕ್ಕಿಂತ ಹಲವು ಪಟ್ಟು ಹೆಚ್ಚು ಮಹಿಳೆಯರನ್ನು ಬಲಿ ಪಡೆಯುವ ಕಾಯಿಲೆಯೊಂದನ್ನು ಗಂಡಸರ ಕಾಯಿಲೆಯ ಪಟ್ಟಿಗೆ ಸೇರಿಸಿ ನಾವು ನಿಶ್ಚಿಂತರಾಗಿದ್ದೇವಲ್ಲ, ಈ ನಿಶ್ಚಿಂತೆಯನ್ನು ಪ್ರಶ್ನಿಸಬೇಡವೇ?

ಈ ನಿಶ್ಚಿಂತೆಯ ಮೊದಲ ಪರಿಣಾಮವೇನೆಂದರೆ, ಲಕ್ಷಣಗಳು ಎದುರಿಗಿದ್ದರೂ ಯಾರೂ ಅವನ್ನು ಗುರುತಿಸುವುದಿಲ್ಲ. 2003ರಲ್ಲಿ ಅಮೇರಿಕದ ಅರ್ಕಾನ್ಸಾಸ್ ವಿಶ್ವವಿದ್ಯಾನಿಲಯದ ಜೀನ್ ಮೆಕ್‌ಸ್ವೀನಿ ಮತ್ತು ಅವರ ಸಂಗಡಿಗರು ಒಂದು ಅಧ್ಯಯನವನ್ನು ಪ್ರಕಟಿಸಿದರು. ಹೃದಯಾಘಾತಕ್ಕೆ ಒಳಗಾಗಿ ಬದುಕುಳಿದ 515 ಮಹಿಳೆಯರನ್ನು ಅವರು ಪ್ರಶ್ನಿಸಿದ್ದರು. ಆಘಾತಕ್ಕಿಂತ ಮೊದಲು ನಿಮ್ಮ ದೇಹ ಏನಾದರೂ ಮುನ್ಸೂಚನೆ ನೀಡಿತ್ತೇ? ಶೇ. 95ರಷ್ಟು ಮಂದಿ ಹೌದು ಎಂದರು. ಅದೂ ಒಂದೆರಡು ಗಂಟೆ ಮೊದಲಲ್ಲ, ಒಂದು ತಿಂಗಳಿಗೂ ಮೊದಲು. ಹಾಗಾದರೆ ಆ ಮುನ್ಸೂಚನೆ ಯಾವುದು? ಶೇ. 70ಕ್ಕಿಂತ ಹೆಚ್ಚು ಮಂದಿ ಹೇಳಿದ್ದು ಅಸಾಮಾನ್ಯ ಸುಸ್ತು. ಹೆಚ್ಚುಕಡಿಮೆ ಅರ್ಧದಷ್ಟು ಮಂದಿ ಹೇಳಿದ್ದು ನಿದ್ರಾಭಂಗ. ಶೇ. 42ರಷ್ಟು ಮಂದಿ ಹೇಳಿದ್ದು ಏದುಸಿರು. ಆ ದಿನಗಳಲ್ಲಿ ಎದೆಯಲ್ಲಿ ಏನಾದರೂ ಅಸ್ವಸ್ಥತೆಯನ್ನು ಅನುಭವಿಸಿದವರು ಶೇ. 30ರಷ್ಟು ಮಾತ್ರ. ಹೃದಯಾಘಾತದ ಸಂದರ್ಭದಲ್ಲಿ ಕೂಡ ಶೇ. 43ರಷ್ಟು ಮಂದಿಗೆ ಎದೆನೋವು ಇರಲಿಲ್ಲ.

ಅದೇ ವೇಳೆ, ಇದನ್ನು ಓದಿದ ಯಾರೂ ‘ಹೆಂಗಸರಿಗೆ ಎದೆನೋವು ಬರುವುದಿಲ್ಲ’ ಎಂಬ ಇನ್ನೊಂದು ತಪ್ಪು ತೀರ್ಮಾನಕ್ಕೆ ಬರಬಾರದು. ಹೃದಯಾಘಾತದಿಂದ ಆಸ್ಪತ್ರೆಗೆ ದಾಖಲಾದ 18ರಿಂದ 55 ವರ್ಷದೊಳಗಿನ ಸುಮಾರು 3 ಸಾವಿರ ಮಂದಿಯನ್ನು ಒಳಗೊಂಡ ‘ವರ್ಗೋ’ ಅಧ್ಯಯನದ ಫಲಿತಾಂಶ 2018ರಲ್ಲಿ ಹೊರಬಂತು. ಅದರಲ್ಲಿ ಶೇ. 87ರಷ್ಟು ಮಹಿಳೆಯರೂ ಶೇ. 89ಕ್ಕಿಂತ ತುಸು ಹೆಚ್ಚು ಪುರುಷರೂ ಎದೆಯಲ್ಲಿ ನೋವು, ಒತ್ತಡ ಅಥವಾ ಬಿಗಿತವಿತ್ತೆಂದು ಹೇಳಿದ್ದರು. ಅಂದರೆ ಎದೆಯ ತೊಂದರೆ ಇಬ್ಬರಲ್ಲೂ ಮುಖ್ಯ ಲಕ್ಷಣವೇ. ವ್ಯತ್ಯಾಸವಿರುವುದು ಬೇರೆ ಕಡೆ. ಮಹಿಳೆಯರಲ್ಲಿ ಅದರ ಜೊತೆಗೆ ಮೂರು ಅಥವಾ ಅದಕ್ಕಿಂತ ಹೆಚ್ಚು ಇತರ ಲಕ್ಷಣಗಳು ಕಾಣಿಸಿಕೊಂಡದ್ದು ಹೆಚ್ಚು. ವಾಕರಿಕೆ, ಹೊಟ್ಟೆಯ ಮೇಲ್ಭಾಗದ ಸಂಕಟ, ಉಸಿರಾಟದ ತೊಂದರೆ, ದವಡೆ, ಕುತ್ತಿಗೆ ಅಥವಾ ತೋಳಿನ ನೋವು. ಹೀಗೆ ಹಲವು ಲಕ್ಷಣಗಳ ಗದ್ದಲದಲ್ಲಿ ಎದೆಯ ದೂರು ಕೇಳಿಸದೇ ಹೋಗುತ್ತದೆ. ಮಾತ್ರವಲ್ಲ, ಅನೇಕ ಮಹಿಳೆಯರು ಅದನ್ನು ನೋವು ಎಂದು ಕರೆಯುವುದೂ ಇಲ್ಲ. ಎದೆ ಭಾರ, ಎದೆಯುರಿ, ಏನೋ ಒತ್ತಿದಂತೆ, ಏನೋ ಸಿಕ್ಕಿಕೊಂಡಂತೆ ಎನ್ನುತ್ತಾರೆ. ‘ಎದೆನೋವು ಇದೆಯೇ?’ ಎಂದು ಕೇಳಿದರೆ ಪ್ರಾಮಾಣಿಕವಾಗಿಯೇ ‘ಇಲ್ಲ’ ಎನ್ನುತ್ತಾರೆ.

ಇಲ್ಲಿ ನಾವು ಅರ್ಥ ಮಾಡಿಕೊಳ್ಳಬೇಕಾದ ಸಮಸ್ಯೆಯೊಂದಿದೆ. ಹೆಣ್ಣಿನ ಪ್ರತಿಯೊಂದು ಲಕ್ಷಣಕ್ಕೂ ನಮ್ಮ ಮನೆಗಳಲ್ಲಿ ಮೊದಲೇ ಸಿದ್ಧವಾಗಿರುವ ಬೇರೊಂದು ಹೆಸರಿದೆ. ಸುಸ್ತೆಂದರೆ ಮನೆಗೆಲಸ. ಹೊಟ್ಟೆಯ ಮೇಲ್ಭಾಗದ ಸಂಕಟವೆಂದರೆ ಗ್ಯಾಸ್ಟ್ರಿಕ್. ಬೆನ್ನಿನ ಮೇಲ್ಭಾಗದ ನೋವೆಂದರೆ ಬಟ್ಟೆ ಒಗೆದದ್ದು. ದವಡೆಯ ನೋವೆಂದರೆ ಹಲ್ಲು. ತಣ್ಣನೆಯ ಬೆವರೆಂದರೆ ಮುಟ್ಟು ನಿಲ್ಲುವ ಕಾಲ. ನಿದ್ದೆ ಬಾರದಿದ್ದರೆ ಮಕ್ಕಳ ಚಿಂತೆ. ಎದೆ ಡವಡವ ಎಂದರೆ ಹೆದರಿಕೆ. ಈ ವಿವರಣೆಗಳು ಹೆಚ್ಚಿನ ಸಂದರ್ಭಗಳಲ್ಲಿ ನಿಜವೂ ಆಗಿರುತ್ತವೆ ಎಂಬುದೇ ಇಲ್ಲಿನ ಅಪಾಯ. ನೂರು ಬಾರಿ ನಿಜವಾದ ವಿವರಣೆಯನ್ನು ನೂರ ಒಂದನೆಯ ಬಾರಿ ಯಾರು ಪ್ರಶ್ನಿಸುತ್ತಾರೆ?

ಹಾಗಾದರೆ ಸಾಮಾನ್ಯ ಸುಸ್ತನ್ನು ಅಪಾಯದ ಸುಸ್ತಿನಿಂದ ಬೇರ್ಪಡಿಸುವುದು ಹೇಗೆ? ವೈದ್ಯರು ಹೇಳುವ ಕೆಲವು ಸರಳ ಅಳತೆಗೋಲುಗಳಿವೆ. ಒಂದು, ಅದು ಹೊಸತೇ? ಕಳೆದ ತಿಂಗಳ ವರೆಗೆ ನಿರಾಯಾಸವಾಗಿ ಮಾಡುತ್ತಿದ್ದ ಕೆಲಸದ ನಡುವೆ ಈಗ ಕುಳಿತುಕೊಳ್ಳಬೇಕಾಗುತ್ತಿದೆಯೇ? ಮಹಡಿಯ ಮೆಟ್ಟಿಲಿನಲ್ಲಿ, ನೀರಿನ ಕೊಡ ಎತ್ತುವಾಗ, ಹಾಸಿಗೆ ಸರಿಪಡಿಸುವಾಗ ಉಸಿರು ಕಟ್ಟುತ್ತದೆಯೇ? ಎರಡು, ವಿಶ್ರಾಂತಿ ಪಡೆದರೂ ಅದು ಹೋಗದೆ ಉಳಿಯುತ್ತದೆಯೇ? ರಾತ್ರಿಯಿಡೀ ಮಲಗಿದರೂ ಬೆಳಗ್ಗೆ ಅದೇ ಸುಸ್ತು ಉಳಿದಿದ್ದರೆ ಅದು ಕೆಲಸದ ಸುಸ್ತಲ್ಲ. ಮೂರು, ಶ್ರಮಪಟ್ಟಾಗ ಬಂದು ನಿಂತಾಗ ಹೋಗುತ್ತದೆಯೇ? ದವಡೆಯ ಅಥವಾ ತೋಳಿನ ನೋವು ನಡೆಯುವಾಗ ಕಾಣಿಸಿಕೊಂಡು ಕುಳಿತಾಗ ಇಲ್ಲವಾಗುವುದಾದರೆ ಅದು ಹಲ್ಲಿನದ್ದೋ ಸ್ನಾಯುವಿನದ್ದೋ ಆಗಿರುವ ಸಾಧ್ಯತೆ ಕಡಿಮೆ. ನಾಲ್ಕು, ಒಂದಕ್ಕಿಂತ ಹೆಚ್ಚು ಲಕ್ಷಣಗಳು ಒಟ್ಟಿಗಿವೆಯೇ? ಈ ಪ್ರಶ್ನೆಗಳಿಗೆ ಉತ್ತರ ಹೌದೆಂದಾದರೆ ಅದೇ ವಾರ ವೈದ್ಯರನ್ನು ಕಾಣಬೇಕು. ಅದು ಹೃದಯದ್ದೇ ಆಗಿರಬೇಕೆಂದಿಲ್ಲ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ, ಈ ದೇಶದ 15ರಿಂದ 49 ವರ್ಷದೊಳಗಿನ ಮಹಿಳೆಯರಲ್ಲಿ ಶೇ. 57ರಷ್ಟು ಮಂದಿಗೆ ರಕ್ತಹೀನತೆಯಿದೆ. ಥೈರಾಯ್ಡ್ ತೊಂದರೆಯೂ ಸುಸ್ತು ತರುತ್ತದೆ. ಒಂದು ರಕ್ತ ಪರೀಕ್ಷೆ ಮತ್ತು ಒಂದು ಇಸಿಜಿಯಿಂದ ಅರ್ಧದಷ್ಟು ಗೊಂದಲ ಪರಿಹಾರವಾಗಬಹುದು. ಆದರೆ ಎದೆಯ ಒತ್ತಡ, ಉಸಿರುಗಟ್ಟುವಿಕೆ, ತಣ್ಣನೆಯ ಬೆವರು, ವಾಕರಿಕೆ, ತೋಳು-ದವಡೆ-ಬೆನ್ನಿನ ನೋವು ಇವು ಹಠಾತ್ತಾಗಿ ಬಂದು ಕೆಲವು ನಿಮಿಷಗಳಲ್ಲಿ ಹೋಗದಿದ್ದರೆ ಆಗ ವಾರವನ್ನಲ್ಲ, ಗಂಟೆಯನ್ನೂ ಕಾಯುವಂತಿಲ್ಲ.

ಅಷ್ಟಕ್ಕೂ, ಹೆಣ್ಣಿನಲ್ಲಿ ಈ ಕಾಯಿಲೆ ಹೀಗೇಕೆ ವರ್ತಿಸುತ್ತದೆ? ಹೃದಯಕ್ಕೆ ರಕ್ತ ಪೂರೈಸುವ ದೊಡ್ಡ ನಾಳಗಳಲ್ಲಿ ಕೊಬ್ಬಿನ ಪದರ ಒಡೆದು, ಅಲ್ಲಿ ರಕ್ತ ಹೆಪ್ಪುಗಟ್ಟಿ ನಾಳ ಮುಚ್ಚಿಹೋಗುವುದು ಹೃದಯಾಘಾತದ ಪರಿಚಿತ ಬಗೆ. ಮಹಿಳೆಯರಲ್ಲಿಯೂ ಹೆಚ್ಚಾಗಿ ನಡೆಯುವುದು ಇದುವೇ. ಆದರೆ ಅವರಲ್ಲಿ ಇನ್ನೂ ಕೆಲವು ಬಗೆಗಳು ಪುರುಷರಿಗಿಂತ ಹೆಚ್ಚಾಗಿ ಕಾಣಿಸಿಕೊಳ್ಳುತ್ತವೆ. ಕಣ್ಣಿಗೆ ಕಾಣದಷ್ಟು ಸಣ್ಣ ರಕ್ತನಾಳಗಳು ಬಿಗಿಯಾಗುವುದು, ನಾಳದ ಗೋಡೆ ತಾನಾಗಿಯೇ ಸೀಳುವುದು, ತೀವ್ರ ಆಘಾತದ ಸುದ್ದಿ ಕೇಳಿದಾಗ ಹೃದಯದ ಸ್ನಾಯು ಏಕಾಏಕಿ ದುರ್ಬಲವಾಗುವುದು ಇತ್ಯಾದಿ. ಆಂಜಿಯೋಗ್ರಾಂನಲ್ಲಿ ದೊಡ್ಡ ತಡೆ ಕಾಣಿಸದ ಕಾರಣಕ್ಕಾಗಿ ‘ನಿಮಗೇನೂ ಆಗಿಲ್ಲ’ ಎಂಬ ಮಾತು ಕೇಳಿ ಮನೆಗೆ ಮರಳುವವರಲ್ಲಿ ಮಹಿಳೆಯರು ಹೆಚ್ಚಿರುವುದಕ್ಕೆ ಇದೂ ಒಂದು ಕಾರಣ. ಇನ್ನು ಮಧುಮೇಹ ಹಲವು ವರ್ಷಗಳಿಂದ ಇರುವವರಲ್ಲಿ ನೋವನ್ನು ತಲುಪಿಸುವ ನರಗಳೇ ಮಂಕಾಗಿರುತ್ತವೆ. ಅಂಥವರಿಗೆ ಹೃದಯಾಘಾತವು ನೋವಿಲ್ಲದೆಯೇ ಆಗಿಹೋಗಬಹುದು. ಬರೇ ಬೆವರು, ಬರೇ ಏದುಸಿರು, ಬರೇ ನಿತ್ರಾಣ.

ಮಧುಮೇಹದ ಮಾತು ಬಂದಾಗ ನಾವು ಇನ್ನಷ್ಟು ಎಚ್ಚರವಾಗಬೇಕು. ಕೇರಳದಲ್ಲಿ ಹುಟ್ಟಿ ಕೆನಡಾದಲ್ಲಿ ಸಂಶೋಧನೆ ನಡೆಸುತ್ತಿರುವ ಹೃದ್ರೋಗ ತಜ್ಞ ಡಾ. ಸಲೀಂ ಯೂಸುಫ್‌ರ ನೇತೃತ್ವದಲ್ಲಿ 52 ರಾಷ್ಟ್ರಗಳಲ್ಲಿ ನಡೆದ ‘ಇಂಟರ್‌ಹಾರ್ಟ್’ ಅಧ್ಯಯನದ ಫಲಿತಾಂಶ 2004ರಲ್ಲಿ ಪ್ರಕಟವಾಯಿತು. ಮೊದಲ ಹೃದಯಾಘಾತದ ಅಪಾಯದ 90 ಶೇಕಡಕ್ಕಿಂತಲೂ ಹೆಚ್ಚು ಪಾಲನ್ನು ಅಳೆಯಬಹುದಾದ ಮತ್ತು ಬದಲಾಯಿಸಬಹುದಾದ 9 ಕಾರಣಗಳಿಂದಲೇ ವಿವರಿಸಬಹುದು ಎಂದು ಅದು ತೋರಿಸಿತು. ಅದೇ ಮಾಹಿತಿಯ ಮುಂದಿನ ವಿಶ್ಲೇಷಣೆಯಲ್ಲಿ ಕಂಡುಬಂದ ಒಂದು ಅಂಶವಂತೂ ನಮ್ಮ ಪ್ರತಿ ಮನೆಗೂ ತಲುಪಬೇಕು. ಮಧುಮೇಹವು ಪುರುಷರ ಹೃದಯಾಘಾತದ ಅಪಾಯವನ್ನು ಎರಡೂವರೆ ಪಟ್ಟಿಗಿಂತ ತುಸು ಹೆಚ್ಚಿಸಿದರೆ, ಮಹಿಳೆಯರ ಅಪಾಯವನ್ನು 4 ಪಟ್ಟಿಗಿಂತಲೂ ಹೆಚ್ಚಿಸುತ್ತದೆ. ದಕ್ಷಿಣ ಏಷ್ಯಾದವರಲ್ಲಿ ಮೊದಲ ಹೃದಯಾಘಾತ ಇತರರಿಗಿಂತ ಸುಮಾರು 5-6 ವರ್ಷ ಮೊದಲೇ ಸಂಭವಿಸುತ್ತದೆ ಎಂಬುದೂ ಅದರಿಂದ ಗೊತ್ತಾಯಿತು. ಭಾರತದಲ್ಲಿ 10 ಕೋಟಿಗಿಂತ ಅಧಿಕ ಮಂದಿಗೆ ಮಧುಮೇಹವಿದೆಯೆಂದು ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ಬೆಂಬಲದಿಂದ ನಡೆದ ಅಧ್ಯಯನವು 2023ರಲ್ಲಿ ಅಂದಾಜಿಸಿತು. ಹೀಗಿರುತ್ತಾ, ‘ಸ್ವಲ್ಪ ಶುಗರ್ ಇದೆ, ಅಷ್ಟೇ’ ಎಂಬ ಮಾತನ್ನು ನಾವು ಎಷ್ಟು ಹಗುರವಾಗಿ ಆಡುತ್ತೇವೆ!

ಮಹಿಳೆಯರಿಗೆ ಮಾತ್ರ ಸಂಬಂಧಿಸಿದ ಅಪಾಯಗಳೂ ಇವೆ. ಗರ್ಭಿಣಿಯಾಗಿದ್ದಾಗ ರಕ್ತದೊತ್ತಡ ಏರಿದ್ದವರು ಮತ್ತು ಗರ್ಭಕಾಲದ ಮಧುಮೇಹ ಇದ್ದವರು ಮುಂದಿನ ಬದುಕಿನಲ್ಲಿ ಹೃದ್ರೋಗಕ್ಕೆ ತುತ್ತಾಗುವ ಸಾಧ್ಯತೆ ಇತರರಿಗಿಂತ ಹೆಚ್ಚುಕಡಿಮೆ ಇಮ್ಮಡಿಯೆಂದು ಅಧ್ಯಯನಗಳು ಹೇಳುತ್ತವೆ. ಹೆರಿಗೆಯಾಯಿತು, ಒತ್ತಡ ಇಳಿಯಿತು, ಎಲ್ಲವೂ ಮುಗಿಯಿತು ಎಂದು ಕುಟುಂಬ ನಂಬುತ್ತದೆ. 20 ವರ್ಷಗಳ ಬಳಿಕ ಆಕೆ ಎದೆ ಭಾರವೆನ್ನುವಾಗ ಆ ಹೆರಿಗೆಯ ಚೀಟಿ ಯಾರಿಗೂ ನೆನಪಿರುವುದಿಲ್ಲ. ವೈದ್ಯರಿಗೆ ಹೇಳಬೇಕಾದ ಸಂಗತಿಯದು. ಮುಟ್ಟು ಬೇಗನೇ ನಿಂತವರು, ಸಂಧಿವಾತ ಇರುವವರು, ವರ್ಷಗಟ್ಟಲೆ ಸೌದೆ ಒಲೆಯ ಹೊಗೆ ಕುಡಿದವರು, ಮನೆಯೊಳಗೆ ಇನ್ನೊಬ್ಬರು ಸೇದುವ ಬೀಡಿ-ಸಿಗರೇಟಿನ ಹೊಗೆಯಲ್ಲಿ ಬದುಕುವವರು ಇವರೆಲ್ಲರೂ ತಮ್ಮ ರಕ್ತದೊತ್ತಡ, ಸಕ್ಕರೆ ಮತ್ತು ಕೊಬ್ಬಿನಂಶವನ್ನು ಪರೀಕ್ಷಿಸಿಕೊಳ್ಳುತ್ತಲೇ ಇರಬೇಕು. ಹಾಗಂತ, ಇವಾವುವೂ ಇಲ್ಲದವರು ಸಂಪೂರ್ಣ ಸುರಕ್ಷಿತರೆಂದೂ ಅಲ್ಲ. ವ್ಯಾಯಾಮ ಮತ್ತು ಶಿಸ್ತಿನ ಬದುಕಿಗೆ ಹೆಸರಾದ ನಟಿ ಸುಶ್ಮಿತಾ ಸೇನ್ ತನಗೆ ಹೃದಯಾಘಾತವಾದುದನ್ನೂ ಸ್ಟೆಂಟ್ ಅಳವಡಿಸಿದುದನ್ನೂ 2023ರ ಮಾರ್ಚ್‌ನಲ್ಲಿ ಸ್ವತಃ ಬಹಿರಂಗಪಡಿಸಿದಾಗ ಅವರ ವಯಸ್ಸು 47.

ಲಕ್ಷಣವನ್ನು ಗುರುತಿಸಿದರೆ ಸಾಕೇ? ಸಾಲದು. ಹೇಳಿದ ಮಾತನ್ನು ನಂಬುವವರಿರಬೇಕು. ಮೇಲೆ ಹೇಳಿದ ವರ್ಗೋ ಅಧ್ಯಯನದಲ್ಲಿಯೇ ಇನ್ನೊಂದು ಅಂಶವಿದೆ. ಹೃದಯಾಘಾತಕ್ಕಿಂತ ಮೊದಲು ಅವೇ ಲಕ್ಷಣಗಳಿಗಾಗಿ ವೈದ್ಯರನ್ನು ಕಂಡಿದ್ದವರಲ್ಲಿ ಶೇ. 53ರಷ್ಟು ಮಹಿಳೆಯರು, ‘ಇದು ಹೃದಯದ ತೊಂದರೆಯೆಂದು ವೈದ್ಯರು ಭಾವಿಸಲಿಲ್ಲ’ ಎಂದಿದ್ದರು. ಹಾಗೆ ಹೇಳಿದ ಪುರುಷರು ಶೇ. 37 ಮಾತ್ರ. ಸ್ವತಃ ಮಹಿಳೆಯರೇ ತಮ್ಮ ಲಕ್ಷಣವನ್ನು ಮಾನಸಿಕ ಒತ್ತಡ, ಆತಂಕವೆಂದು ತಿಳಿದುಕೊಂಡದ್ದೂ ಪುರುಷರಿಗಿಂತ ಹೆಚ್ಚು. ಅಮೇರಿಕದ ಹೃದ್ರೋಗ ತಜ್ಞೆ ಬರ್ನಡೀನ್ ಹೀಲಿ 1991ರಲ್ಲಿಯೇ ಇದರ ಬಗ್ಗೆ ಬರೆದಿದ್ದರು. ತನಗೂ ಪುರುಷನಂತೆಯೇ ಹೃದ್ರೋಗವಿದೆ ಎಂದು ಸಾಬೀತುಪಡಿಸಿದ ಬಳಿಕವೇ ಹೆಣ್ಣಿಗೆ ಪುರುಷನಿಗೆ ಸಿಗುವ ಚಿಕಿತ್ಸೆ ಸಿಗುತ್ತದೆ ಎಂಬುದು ಅವರ ಆಕ್ಷೇಪವಾಗಿತ್ತು. ಮೂರು ದಶಕಗಳು ಕಳೆದರೂ ಆ ಆಕ್ಷೇಪ ಹಳತಾಗಿಲ್ಲ ಎಂಬುದು ವಿಷಾದನೀಯ.

ವೈದ್ಯರನ್ನು ದೂರುವುದು ಸುಲಭ. ಆದರೆ ಆಕೆಯ ಮಾತು ವೈದ್ಯರನ್ನು ತಲುಪುವುದಕ್ಕಿಂತ ಮೊದಲು ಮನೆಯ ಎಷ್ಟು ಬಾಗಿಲುಗಳನ್ನು ದಾಟಬೇಕು ಎಂಬುದನ್ನೂ ನಾವು ಪ್ರಾಮಾಣಿಕವಾಗಿ ಅವಲೋಕಿಸಬೇಕು. ಅದೇ ರಾಷ್ಟ್ರೀಯ ಸಮೀಕ್ಷೆಯ ಪ್ರಕಾರ, ಮಾರುಕಟ್ಟೆ, ಆಸ್ಪತ್ರೆ ಮತ್ತು ಊರ ಹೊರಗಿನ ಜಾಗ ಈ ಮೂರಕ್ಕೂ ಒಂಟಿಯಾಗಿ ಹೋಗುವ ಅನುಮತಿಯಿರುವ ಮಹಿಳೆಯರು ಈ ದೇಶದಲ್ಲಿ ಶೇ. 42 ಮಾತ್ರ. ಇದು ಒಂದು ಸಮುದಾಯದ ಲೆಕ್ಕವಲ್ಲ, ಇಡೀ ದೇಶದ್ದು. ಆದರೆ ನಮ್ಮ ಪಟ್ಟಣಗಳ ಮನೆಗಳು ಇದರಿಂದ ಹೊರತಾಗಿವೆಯೇ? ಮನೆಯ ಗಂಡಸಿನ ರಕ್ತದೊತ್ತಡದ ಮಾತ್ರೆಯನ್ನು ಹೊತ್ತುಹೊತ್ತಿಗೆ ನೆನಪಿಸುವವಳು ಆಕೆ. ಆಕೆಯ ಮಾತ್ರೆಯನ್ನು ನೆನಪಿಸುವವರು ಯಾರು? ಎಲ್ಲರಿಗೂ ಬಡಿಸಿ ಕೊನೆಗೆ ಉಣ್ಣುವವಳು, ಎಲ್ಲರ ಪರೀಕ್ಷೆ ಮುಗಿದ ಮೇಲೆ ತನ್ನದೆಂದು ಮುಂದೂಡುವವಳು, ‘ನನಗೇನಾಗಿದೆ, ಗಟ್ಟಿಯಾಗಿದ್ದೇನೆ’ ಎನ್ನುವವಳು ಆಕೆಯೇ. ಅದನ್ನು ನಾವು ತ್ಯಾಗವೆಂದು ಹೊಗಳುತ್ತೇವೆ. ಆ ಹೊಗಳಿಕೆಯ ಬೆಲೆಯನ್ನು ಕೆಲವೊಮ್ಮೆ ಆಕೆ ಪ್ರಾಣದಿಂದ ತೆರುತ್ತಾಳೆ.

ಪತಿ ಗಲ್ಫ್‌ನಲ್ಲಿರುವ ಮನೆಗಳ ಸ್ಥಿತಿ ಇನ್ನೂ ನಾಜೂಕು. ರಾತ್ರಿ ಎರಡು ಗಂಟೆಗೆ ಎದೆ ಬಿಗಿಯತೊಡಗಿದರೆ ಆಕೆ ಯಾರನ್ನು ಎಬ್ಬಿಸಬೇಕು? ಹಲವರು ಮೊದಲು ಕರೆ ಮಾಡುವುದು ದುಬಾಯಿಗೋ ರಿಯಾದ್‌ಗೋ. ಅಲ್ಲಿಂದ ಆತ ಊರಿನ ತಮ್ಮನಿಗೆ ಕರೆ ಮಾಡುತ್ತಾನೆ. ತಮ್ಮ ಬಂದು, ವಾಹನ ಹುಡುಕಿ, ಯಾವ ಆಸ್ಪತ್ರೆಯೆಂದು ಚರ್ಚಿಸುವಷ್ಟರಲ್ಲಿ ಅಮೂಲ್ಯ ಸಮಯ ಜಾರಿಹೋಗಿರುತ್ತದೆ. ನಾಳ ಮುಚ್ಚಿದ ಬಳಿಕ ಹೃದಯದ ಸ್ನಾಯು ನಿಮಿಷ ನಿಮಿಷಕ್ಕೂ ಸಾಯುತ್ತಿರುತ್ತದೆ. ಸತ್ತ ಸ್ನಾಯು ಮತ್ತೆ ಹುಟ್ಟುವುದಿಲ್ಲ. ಆದ್ದರಿಂದ ಗಲ್ಫ್‌ನಲ್ಲಿರುವ ಪ್ರತಿ ಸಹೋದರನೂ ತನ್ನ ಮನೆಯವರಿಗೆ ಇಂದೇ ಒಂದು ಮಾತು ಹೇಳಲಿ: ತುರ್ತು ಸಂದರ್ಭದಲ್ಲಿ ನನ್ನನ್ನು ಕೇಳಬೇಡಿ, ಮೊದಲು 108ಕ್ಕೆ ಕರೆ ಮಾಡಿ, ನನಗೆ ಬಳಿಕ ತಿಳಿಸಿ. ಯಾವ ಆಸ್ಪತ್ರೆಗೆ ಹೋಗಬೇಕೆಂಬುದನ್ನೂ ಕಾಯಿಲೆ ಬರುವುದಕ್ಕಿಂತ ಮೊದಲೇ ತೀರ್ಮಾನಿಸಿಡಲಿ.

ಇನ್ನೊಂದು ಸಂಕೋಚವೂ ಇದೆ. ಇಸಿಜಿ ತೆಗೆಯಬೇಕಾದರೆ ಎದೆಯ ಮೇಲೆ ತಂತಿಗಳನ್ನು ಅಂಟಿಸಬೇಕು. ಲೇಡಿ ಡಾಕ್ಟರ್ ಬರಲಿ, ನಾಳೆ ಬೆಳಗ್ಗೆ ನೋಡೋಣ ಎಂಬ ಮಾತು ಇಲ್ಲಿ ಹುಟ್ಟಿಕೊಳ್ಳುತ್ತದೆ. ಸಂಕೋಚ ಸಹಜ. ಅದನ್ನು ಆಸ್ಪತ್ರೆಗಳು ಗೌರವಿಸಲೇಬೇಕು. ಪರದೆಯ ಮರೆ ಮತ್ತು ಮಹಿಳಾ ಸಿಬ್ಬಂದಿಯನ್ನು ಕೇಳುವುದು ರೋಗಿಯ ಹಕ್ಕು. ಆದರೆ ಅದು ಲಭ್ಯವಿಲ್ಲದಾಗ ಚಿಕಿತ್ಸೆಯನ್ನು ಮುಂದೂಡುವುದು ಧರ್ಮನಿಷ್ಠೆಯಲ್ಲ. ಪ್ರಾಣವುಳಿಸುವ ಅನಿವಾರ್ಯತೆಯಲ್ಲಿ ಚಿಕಿತ್ಸೆ ನೀಡುವವರು ಪುರುಷರೋ ಸ್ತ್ರೀಯರೋ ಎಂಬುದು ಅಡ್ಡಿಯಾಗಬಾರದು ಎಂಬುದನ್ನು ವಿದ್ವಾಂಸರು ಹಿಂದಿನಿಂದಲೇ ಸ್ಪಷ್ಟಪಡಿಸಿದ್ದಾರೆ. ರಮಝಾನ್ ಉಪವಾಸದ ವಿಷಯವೂ ಅಷ್ಟೇ. ರೋಗಿಗೆ ಧರ್ಮವೇ ನೀಡಿರುವ ರಿಯಾಯಿತಿಯನ್ನು ನಿರಾಕರಿಸಿ, ಹೃದ್ರೋಗ ಮತ್ತು ಮಧುಮೇಹದ ಮಾತ್ರೆಗಳನ್ನು ವೈದ್ಯರನ್ನು ಕೇಳದೆಯೇ ನಿಲ್ಲಿಸುವ ತಾಯಂದಿರು ನಮ್ಮಲ್ಲಿದ್ದಾರೆ. ಇದನ್ನು ಅವರಿಗೆ ತಿಳಿಹೇಳಬೇಕಾದವರು ಮಕ್ಕಳು.

ಆ ಹೊತ್ತಿನಲ್ಲಿ ಮಾಡಬೇಕಾದುದೇನು? ಆಕೆಯನ್ನು ನಡೆಸಬಾರದು, ಮೆಟ್ಟಿಲಿಳಿಸಬಾರದು, ಬೈಕಿನ ಹಿಂದೆ ಕೂರಿಸಬಾರದು. ಒರಗಿ ಕುಳಿತುಕೊಳ್ಳುವಂತೆ ಮಾಡಿ 108ಕ್ಕೆ ಕರೆ ಮಾಡಬೇಕು. ಸೋಡಾ, ಜೀರಿಗೆ ನೀರು, ಗ್ಯಾಸ್ ಮಾತ್ರೆಗಳನ್ನು ಕೊಟ್ಟು ಕಾಯುತ್ತಾ ಕೂರಬಾರದು. ಆಸ್ಪಿರಿನ್ ಅಲರ್ಜಿ, ಹೊಟ್ಟೆಯ ಹುಣ್ಣು ಅಥವಾ ರಕ್ತಸ್ರಾವದ ತೊಂದರೆ ಇಲ್ಲದವರು 300 ಮಿಲಿಗ್ರಾಂ ಆಸ್ಪಿರಿನ್ ಮಾತ್ರೆಯನ್ನು ಅಗಿದು ನುಂಗುವುದು ಪ್ರಯೋಜನಕಾರಿಯೆಂದು ವೈದ್ಯರು ಹೇಳುತ್ತಾರೆ. ಕರೆ ಮಾಡಿದಾಗ ಇದನ್ನು ಕೇಳಿಕೊಳ್ಳುವುದು ಒಳ್ಳೆಯದು. ನಾಲಗೆಯಡಿ ಇಡುವ ಮಾತ್ರೆಯನ್ನು ವೈದ್ಯರು ಆಕೆಗೆಂದೇ ಬರೆದುಕೊಟ್ಟಿರದಿದ್ದರೆ ಕೊಡಬಾರದು, ರಕ್ತದೊತ್ತಡ ಕುಸಿಯಬಹುದು. ಪ್ರಜ್ಞೆ ತಪ್ಪಿ ಉಸಿರಾಟ ನಿಂತರೆ ಎದೆಯ ನಡುವೆ ಎರಡೂ ಕೈಗಳಿಂದ ನಿಮಿಷಕ್ಕೆ 100ರಿಂದ 120ರಂತೆ ಬಲವಾಗಿ ಒತ್ತುತ್ತಿರಬೇಕು. ಹೆಂಗಸೆಂಬ ಕಾರಣಕ್ಕಾಗಿ ಅಲ್ಲಿ ಹಿಂಜರಿಯಬಾರದು. ಆಸ್ಪತ್ರೆಗೆ ತಲುಪಿದಾಗ ‘ಸುಸ್ತು’ ಎಂದಷ್ಟೇ ಹೇಳದೆ, ‘ಇದು ಹೃದಯದ್ದಾಗಿರಬಹುದೇ? ಇಸಿಜಿ ಮತ್ತು ಟ್ರೋಪೋನಿನ್ ಪರೀಕ್ಷೆ ಮಾಡಿ’ ಎಂದು ಸ್ಪಷ್ಟವಾಗಿ ಕೇಳಬೇಕು. ಮೊದಲ ಇಸಿಜಿ ಸರಿಯಿದ್ದ ಮಾತ್ರಕ್ಕೆ ಅಪಾಯ ಕಳೆಯಿತೆಂದಲ್ಲ. ಲಕ್ಷಣ ಮುಂದುವರಿದರೆ ಎರಡೂ ಪರೀಕ್ಷೆಗಳನ್ನು ಪುನರಾವರ್ತಿಸಬೇಕಾಗುತ್ತದೆ.

ಸರಕಾರ ಏನೂ ಮಾಡಿಲ್ಲವೆಂದು ಹೇಳಲಾಗದು. 2021ರ ಅಕ್ಟೋಬರ್‌ನಲ್ಲಿ 46ರ ಹರೆಯದಲ್ಲಿ ಅಗಲಿದ ನಟ ಪುನೀತ್ ರಾಜ್‌ಕುಮಾರ್‌ರ ಹೆಸರಿನಲ್ಲಿ ರಾಜ್ಯ ಸರಕಾರ 2024ರಲ್ಲಿ ಹೃದಯಜ್ಯೋತಿ ಯೋಜನೆಯನ್ನು ಆರಂಭಿಸಿತು. ತಾಲೂಕು ಆಸ್ಪತ್ರೆಯಲ್ಲಿ ತೆಗೆದ ಇಸಿಜಿಯನ್ನು ದೂರದ ತಜ್ಞರು ಪರಿಶೀಲಿಸಿ, ಅಗತ್ಯವಿದ್ದರೆ ಹೆಪ್ಪುಗಟ್ಟಿದ ರಕ್ತವನ್ನು ಕರಗಿಸುವ ಟೆನೆಕ್ಟೆಪ್ಲೇಸ್ ಚುಚ್ಚುಮದ್ದನ್ನು ಅಲ್ಲಿಯೇ ಉಚಿತವಾಗಿ ನೀಡುವ ವ್ಯವಸ್ಥೆ ಇದು. ಹೊರಗಡೆ ಇದಕ್ಕೆ ಹತ್ತಾರು ಸಾವಿರ ರೂಪಾಯಿ ಬೆಲೆಯಿದೆ. ಅದೇ ವರ್ಷದ ಅಕ್ಟೋಬರ್‌ನಲ್ಲಿ ಕೋಲಾರದಲ್ಲಿ ಗೃಹ ಆರೋಗ್ಯ ಯೋಜನೆ ಆರಂಭವಾಯಿತು. ಮನೆ ಬಾಗಿಲಿಗೆ ಬಂದು ರಕ್ತದೊತ್ತಡ, ಮಧುಮೇಹ ಪರೀಕ್ಷಿಸುವುದು ಇದರ ಉದ್ದೇಶ. ಮಂಗಳೂರಿನ ಹೃದ್ರೋಗ ತಜ್ಞ ಡಾ. ಪದ್ಮನಾಭ ಕಾಮತ್‌ರು ಹಳ್ಳಿಗಳ ಆರೋಗ್ಯ ಕೇಂದ್ರಗಳಿಗೆ ಇಸಿಜಿ ಯಂತ್ರಗಳನ್ನು ತಲುಪಿಸಿ, ಮೊಬೈಲ್ ಮೂಲಕ ತಜ್ಞರ ಸಲಹೆ ಸಿಗುವಂತೆ ಮಾಡಿದ್ದು ಇಂಥದ್ದು ಸಾಧ್ಯವೆಂಬುದಕ್ಕೆ ಸಾಕ್ಷಿ. ಆದರೆ ಯಂತ್ರವೂ ಚುಚ್ಚುಮದ್ದೂ ಆಸ್ಪತ್ರೆಯೊಳಗಿವೆ. ಆಕೆ ಆ ಬಾಗಿಲಿಗೆ ತಲುಪಿದರಲ್ಲವೇ ಪ್ರಯೋಜನ? ಹೃದಯಾಘಾತದ ಬಗ್ಗೆ ಗೋಡೆಗೆ ಅಂಟಿಸುವ ಭಿತ್ತಿಪತ್ರದಲ್ಲಿ ಇಂದಿಗೂ ಎದೆ ಹಿಡಿದ ಗಂಡಸಿನ ಚಿತ್ರವೇ ಇದ್ದರೆ ಆ ಚಿತ್ರ ಬದಲಾಗಬೇಕು. ಗರ್ಭಕಾಲದಲ್ಲಿ ರಕ್ತದೊತ್ತಡ, ಮಧುಮೇಹ ಇದ್ದವರನ್ನು ಹೆರಿಗೆಯ ಬಳಿಕವೂ ವರ್ಷಕ್ಕೊಮ್ಮೆ ಪರೀಕ್ಷಿಸುವ ವ್ಯವಸ್ಥೆಯಾಗಬೇಕು. ತಾಲೂಕು ಆಸ್ಪತ್ರೆಗಳಲ್ಲಿ ರಾತ್ರಿ ಪಾಳಿಯಲ್ಲೂ ಇಸಿಜಿ ತೆಗೆಯಬಲ್ಲ ಮಹಿಳಾ ಸಿಬ್ಬಂದಿಯಿರಬೇಕು. ಆಶಾ ಕಾರ್ಯಕರ್ತೆಯರಿಗೆ ಈ ಲಕ್ಷಣಗಳ ತರಬೇತಿ ಸಿಗಬೇಕು. ಜನಪ್ರತಿನಿಧಿಗಳು ಮತ ಕೇಳಲು ಬರುವಾಗ ಇವನ್ನು ಕೇಳುವ ಅಭ್ಯಾಸ ನಮಗೂ ಆಗಬೇಕು.

ಸಮುದಾಯದ ಸಂಘಟನೆಗಳೂ ಜಮಾಅತ್ ಸಮಿತಿಗಳೂ ವರ್ಷಕ್ಕೊಮ್ಮೆ ಆರೋಗ್ಯ ಶಿಬಿರಗಳನ್ನು ಏರ್ಪಡಿಸುತ್ತವೆ. ಶ್ಲಾಘನೀಯವೇ. ಆದರೆ ಆ ಶಿಬಿರಗಳ ಸಮಯ, ಸ್ಥಳ ಮತ್ತು ಸಿಬ್ಬಂದಿ ಮಹಿಳೆಯರಿಗೆ ಅನುಕೂಲಕರವಾಗಿವೆಯೇ? 40 ದಾಟಿದ ಎಷ್ಟು ಗೃಹಿಣಿಯರು ಅಲ್ಲಿ ಇಸಿಜಿ ಮಾಡಿಸಿಕೊಂಡರು ಎಂಬ ಲೆಕ್ಕವಿದೆಯೇ? ಇಲ್ಲದಿದ್ದರೆ ಮುಂದಿನ ಶಿಬಿರದಿಂದಲೇ ಅದು ಆರಂಭವಾಗಲಿ. ಎದೆ ಒತ್ತಿ ಜೀವವುಳಿಸುವ ವಿಧಾನವನ್ನು ಮಹಿಳೆಯರಿಗೂ ಯುವಕರಿಗೂ ಕಲಿಸುವ ಒಂದು ಗಂಟೆಯ ತರಬೇತಿಯೂ ಅದರಲ್ಲಿರಲಿ.

ಇನ್ನುಳಿದುದು ಪ್ರತಿಯೊಂದು ಮನೆಯ ಕೆಲಸ. ಈ ವಾರ ನಿಮ್ಮ ಮನೆಯಲ್ಲಿ 40 ದಾಟಿದ ಮಹಿಳೆಯ ರಕ್ತದೊತ್ತಡ ಎಷ್ಟು, ಸಕ್ಕರೆ ಎಷ್ಟು ಎಂದು ಕೇಳಿ ನೋಡಿ. ಉತ್ತರ ಗೊತ್ತಿಲ್ಲದಿದ್ದರೆ ಆಕೆಯನ್ನು ಪರೀಕ್ಷೆಗೆ ಕರೆದೊಯ್ಯಿರಿ. ಮತ್ತು ಮುಂದೊಂದು ದಿನ ಆಕೆ, ‘ಯಾಕೋ ಈಚೆಗೆ ತುಂಬಾ ಸುಸ್ತು’ ಎಂದಾಗ, ಮೊಬೈಲ್‌ನಿಂದ ತಲೆಯೆತ್ತಿ, ‘ಯಾವಾಗಿನಿಂದ?’ ಎಂದು ಕೇಳಿರಿ.